ಕುಂಕುಮ ಹಚ್ಚಿಸಿಕೊಂಡ ಕಂಪ್ಯೂಟರ್

ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡಿದ್ದ ಹಾಳೆಯನ್ನು ಒಮ್ಮೆ ಹರಿಯದೆ ಎಳೆದೆ. ಅಷ್ಟಕ್ಕೇ ಆಫೀಸಿನಲ್ಲಿ ನಾನು ಕಂಪ್ಯೂಟರ್ ಪಂಡಿತನಾದೆ.

ಆಯುಧಪೂಜೆಯ ರಜೆಯ ದಿನ ಮ್ಯಾನೇಜರ್ ವೃಷಭೇಂದ್ರಯ್ಯನವರು ಫೋನಿನಲ್ಲಿ ಗುಡುಗಿದರು. "ಮನೆಯಿಂದಲೇ ಆಫೀಸ್ ಕಂಪ್ಯೂಟರ್ ತೆರೆದು ಫೈಲ್ ಕಳಿಸ್ರೀ. ಇಲ್ಲದಿದ್ರೆ ವರ್ಗಾವಣೆ!"

ಎಷ್ಟು ಒದ್ದಾಡಿದರೂ ಕನೆಕ್ಟ್ ಆಗಲಿಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಬ್ರಾಡ್‌ಬ್ಯಾಂಡ್ ಕಂಪನಿಯವನ ಮೇಲೆ ರೇಗಿದೆ. "ಲೈನ್ ಸರಿಯಾಗಿದೆ ಸರ್, ಆ ಕಡೆ ಕಂಪ್ಯೂಟರ್ ಆನ್ ಇದೆಯಾ?" ಅಂದ.

ಆಗ ನೆನಪಾಯಿತು. ನಿನ್ನೆ ಆಫೀಸಿನ ಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಪ್ಲಗ್ ಕಿತ್ತಿಟ್ಟ ಭಕ್ತ ನಾನೇ!

ಸಾಹೇಬರಿಗೆ ಫೋನ್ ಮಾಡಿದೆ. "ಸರ್, ಪೂಜೆಗಿಟ್ಟಿದ್ದನ್ನ ನಾಳೆವರೆಗೂ ಯಾರೂ ಮುಟ್ಟಬಾರದು ಅಂತ ನೀವೇ ಅಪ್ಪಣೆ ಮಾಡಿದ್ರಿ. ಮನೆಯಿಂದ ಮುಟ್ಟಿದ್ರೂ ಮುಟ್ಟಿದ ಹಾಗೇ ಅಲ್ವಾ? ದೋಷ ನಿಮಗೆ ತಟ್ಟಿದ್ರೂ ಪರವಾಗಿಲ್ಲ ಅಂದ್ರೆ ಈಗಲೇ ಮುಟ್ತೀನಿ."

"ಅಯ್ಯೋ, ಬೇಡ ಬೇಡ! ಕೈ ತೆಗೀರಿ! ಫೈಲ್ ನಾಳೆ ಕಳಿಸಿದ್ರಾಯ್ತು."

ಬಚಾವಾದೆ ಅಂದುಕೊಂಡೆ. ಈಗ ಆಫೀಸಿನಲ್ಲಿ ಯಾವ ಕಂಪ್ಯೂಟರ್ ಕೆಟ್ಟರೂ ಸಾಹೇಬರು ನನ್ನನ್ನೇ ಕರೆಯುತ್ತಾರೆ. ರಿಪೇರಿಗಲ್ಲ, ಕರ್ಪೂರ ಹಚ್ಚುವುದಕ್ಕೆ.