ಸೂರ್ಯೋದಯದ ಹದಿನೈದನೇ ಅಂಕಿ

ದ್ವಾದಶಿಯ ಬೆಳಿಗ್ಗೆ ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಸೂರ್ಯೋದಯ ಆಗಲಿಲ್ಲ. ಸೂರ್ಯ ಮಾತ್ರ ಹುಟ್ಟಿದ್ದ.

ಗಂಟೆ ಹೊಡೆದರೆ ಮಾತ್ರ ಅಲ್ಲಿ ಸೂರ್ಯೋದಯ. ಏಕಾದಶಿಯ ಉಪವಾಸ ಮುಗಿಸಲು ನಲವತ್ತು ಜನ ಎಲೆಯ ಮುಂದೆ ಕಾದಿದ್ದರು. ಎಂಟರೊಳಗೆ ಪಾರಣೆ ಆಗದಿದ್ದರೆ ಉಪವಾಸವೆಲ್ಲ ವ್ಯರ್ಥ. ಆಗಲೇ ಏಳೂವರೆ.

ಗಂಟೆಯ ಹೊಣೆ ಶಿಷ್ಯ ಪ್ರಾಣೇಶನದು. ಸೂರ್ಯೋದಯದ ಲೆಕ್ಕವನ್ನು ಅವನು ಎರಡು ಕಂಪ್ಯೂಟರುಗಳಿಗೆ ಒಪ್ಪಿಸಿದ್ದ. ಎರಡರ ಉತ್ತರವೂ ಒಂದೇ ಆದರೆ ಗಂಟೆ ತಾನೇ ಹೊಡೆಯುತ್ತಿತ್ತು. ಹಿಂದಿನ ದಿನ ಅವುಗಳಲ್ಲೊಂದು ಕೆಟ್ಟು, ಹೊಸದು ಬಂದಿತ್ತು.

ಅಡುಗೆಯ ಭೀಮಕ್ಕ ಬಾಗಿಲಿಗೆ ಬಂದಳು. “ಸೂರ್ಯ ಗುಡ್ಡದ ಮ್ಯಾಲೆ ಬಂದು ಕೂತಾನ. ಅವಂಗೂ ಒಂದು ಎಲಿ ಹಾಕ್ಲೇನು?”

ಗುರು ಯಾದವಾಚಾರ್ಯರು ಪ್ರಾಣೇಶನನ್ನು ಕೇಳಿದರು: “ಏನಾಗ್ಯದಪಾ?”

“ಎರಡರ ಉತ್ತರ ಕೂಡವಲ್ಲವು, ಗುರುಗಳೇ. ದಶಾಂಶದ ಹದಿನೈದನೇ ಸ್ಥಾನದಾಗ ಹಳೇದು ಮೂರು ಅಂತದ, ಹೊಸಾದು ನಾಲ್ಕು ಅಂತದ.”

“ಬ್ಯಾರೆ ಬ್ಯಾರೆ ಪ್ರೋಗ್ರಾಮು ಬರದೀಯೇನು?”

“ಇಲ್ಲ, ಒಂದೇ. ಅದನ್ನ ಯಂತ್ರಕ್ಕ ತಿಳಿಯೋಹಂಗ ತಿರುಗಿಸೋ ಕಂಪೈಲರ್, ಯಂತ್ರ ನೋಡಿ ಸಂಖ್ಯೆಗಳಿಗೆ ಜಾಗಾ ಕೊಡತದ. ಹಳೇದರಾಗ ಒಂದು ಸಂಖ್ಯೆಗೆ ಎಂಬತ್ತು ಬಿಟ್, ಹೊಸಾದರಾಗ ಅರವತ್ನಾಲ್ಕು. ಹಿಡಿಯಲಾರದ ತುದಿ ಕತ್ತರಿಸಿ ಹೋಗತದ.”

“ಎಷ್ಟು ಹೊತ್ತಿನ ಫರಕು?”

“ಕಣ್ಣು ಮಿಟುಕಿಸೋದನ್ನ ಹತ್ತು ಸಾವಿರ ಕೋಟಿ ಪಾಲು ಮಾಡಿದ್ರ, ಅದರಾಗ ಒಂದು ಪಾಲು.”

“ಅಷ್ಟರಾಗ ನನ್ನ ಅಗಸಿ ಸೊಪ್ಪಿನ ಪಲ್ಯ ಆರೂದಿಲ್ಲ ಬಿಡು,” ಎಂದಳು ಭೀಮಕ್ಕ.

ಪ್ರಾಣೇಶ ನಗಲಿಲ್ಲ. “ಖರೇದು ಯಾವುದು ಅಂತ ತಿಳೀದ ಹೆಂಗ ಹೊಡೀಲಿ? ತಪ್ಪಿದ್ರ ನಲವತ್ತು ಮಂದಿ ವ್ರತ ಕೆಡಿಸಿದ ಪಾಪ ನಂದು.”

ಆಚಾರ್ಯರು ತೀರ್ಥ ಕೊಡುವ ಚಮಚಗಳನ್ನು, ಎರಡು ಉದ್ಧರಣೆಗಳನ್ನು, ತಂದರು. ಒಂದು ದೊಡ್ಡದು, ಒಂದು ಸಣ್ಣದು. ಎರಡನ್ನೂ ಹೊಳೆಯಲ್ಲಿ ಅದ್ದಿ ತುಂಬಿಸಿದರು.

“ಯಾವುದರಾಗ ಹೊಳಿ ಪೂರಾ ಬಂತು?”

“ಎರಡರಾಗೂ ಇಲ್ಲ.”

“ಆಚಮನಕ್ಕ ಯಾವುದು ಸಾಲೂದಿಲ್ಲ?”

ಪ್ರಾಣೇಶ ಓಡಿಹೋಗಿ ಗಂಟೆಯ ನಿಯಮ ತಿದ್ದಿದ: ಎರಡು ಉತ್ತರಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚಿನ ಅಂತರ ಇರದಿದ್ದರೆ ಸಾಕು.

ಗಂಟೆ ಹೊಡೆಯಿತು. ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ಆಶ್ರಮದಲ್ಲಿ ಸೂರ್ಯೋದಯವಾಯಿತು. ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟು, ತೀರ್ಥ ಕುಡಿದು, ಎಲೆಗೆ ಕೈ ಹಾಕಿದರು.

ಎರಡನೇ ಸಲ ಅನ್ನ ಬಡಿಸುವಾಗ ಪ್ರಾಣೇಶ ಮೆಲ್ಲಗೆ ಕೇಳಿದ: “ಆದರೂ ಗುರುಗಳೇ, ಮೂರೋ ನಾಲ್ಕೋ, ಖರೇದು ಯಾವುದು?”

ಆಚಾರ್ಯರು ಭೀಮಕ್ಕನ ಕೈಯಲ್ಲಿದ್ದ ಪಾತ್ರೆಯೊಳಗೆ ಇಣುಕಿದರು.

“ಪಲ್ಯ ಮುಗದದ ಅನ್ನೋದು ಖರೇ.”