ಎರಡು ದಡದ ಮರಳು

"ಕೇಳಿರಪ್ಪೋ ಕೇಳಿ! ಅರಸರ ಮೊಮ್ಮಗಳು ಚೆಲುವಾಜಿಗೂ ನಾಡಿನ ಎಲ್ಲ ಮಕ್ಕಳಿಗೂ ಪಾಠ ಹೇಳಲು ಒಬ್ಬ ಗುರು ಬೇಕು. ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುವುದು. ತಪ್ಪು ಹೇಳಿದವನ ತಲೆ ಹೋಗುವುದು!"

ಕಲ್ಮಡುವಿನ ಸಂತೆಯಲ್ಲಿ ಹೀಗೆ ಡಂಗುರ ಸಾರಿದಾಗ ಮಡಕೆ ಮಾರುತ್ತಿದ್ದ ಕುಂಬಾರರ ಪುಟ್ಟೀರಮ್ಮ ನಕ್ಕಳು. ಹೋಗುವುದು ಬೇರೆಯವರ ತಲೆ ತಾನೇ, ನಗುವುದಕ್ಕೇನು ಕಷ್ಟ! ಮನೆಗೆ ಬಂದರೆ ಅವಳ ಒಬ್ಬನೇ ಮಗ ಮರಿಸಿದ್ದ, ತಾನೂ ಅರಮನೆಗೆ ಹೋಗುತ್ತೇನೆಂದು ಕೂತಿದ್ದ. ನಗು ಅಲ್ಲೇ ಉಡುಗಿತು.

"ಹುಚ್ಚು ಹಿಡೀತೇನ್ಲಾ? ಅಲ್ಲಿಗೆ ಹೋಗೋರು ಕಾಶೀಲಿ ಓದಿದೋರು. ನೀನು ಮರಳಲ್ಲಿ ಅ ಆ ತೀಡ್ಸೋನು."

ಅವಳು ಹೇಳಿದ್ದು ಸುಳ್ಳಲ್ಲ. ಮಡಕೆ ಸುಡುವ ಆವಿಗೆಯ ಪಕ್ಕದ ಹೊಂಗೆ ಮರದ ಕೆಳಗೆ ಮರಿಸಿದ್ದ ಒಂದು ಮಠ ನಡೆಸುತ್ತಿದ್ದ. ಆಗ ಶಾಲೆಗೆ ಹಾಗೆನ್ನುತ್ತಿದ್ದರು. ಹೊಸದಾಗಿ ಸೇರುವ ಮಗು ತನ್ನ ಮನೆ ಮುಂದಿನ ಒಂದು ಬೊಗಸೆ ಮರಳು ತಂದು ಎಲ್ಲರ ಮರಳಿಗೆ ಸುರಿಯಬೇಕು, ಅದೇ ಕಾಣಿಕೆ. ಅರ್ಧ ಮಕ್ಕಳು ಹರಗೋಲಿನಲ್ಲಿ ಹೊಳೆ ದಾಟಿ ಬರುವವರು. ಆಚೆ ದಡವೋ ವೈರಿ ರಾಜ್ಯ. ಎರಡು ಅರಮನೆಗಳ ನಡುವೆ ಏಳು ವರ್ಷದಿಂದ ಮಾತಿಲ್ಲ. "ಮನೆಗೆ ಮಾರಿ, ಪರರಿಗೆ ಉಪಕಾರಿ" ಎಂದು ತಾಯಿ ದಿನಾ ಗೊಣಗುತ್ತಿದ್ದಳು.

ಮಗ ಕೇಳಲಿಲ್ಲ. ಮರಳಿನ ಗಂಟೊಂದನ್ನು ಹೆಗಲಿಗೇರಿಸಿ ಹೊರಟೇಬಿಟ್ಟ. ಹೆತ್ತ ಕರುಳು, ಪುಟ್ಟೀರಮ್ಮನೂ ಮಡಕೆಯ ಬುಟ್ಟಿ ಹೊತ್ತು ಹಿಂದೆಯೇ ಓಡಿದಳು. ಸಭೆಯ ಬಾಗಿಲಲ್ಲಿ ಕಾವಲುಗಾರ ನಗುತ್ತಿದ್ದ. "ಆ ತೇಪೆ ಪಂಚೆಯೋನು ಯಾರ ಮಗನಮ್ಮ?"

"ನಂಗೇನು ಗೊತ್ತು? ನಾ ಮಡಕೆ ಮಾರೋಳು" ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಆಡಿದ ಮಾತು ಆಡಿದಂತೆಯೇ. ತಲೆ ತಗ್ಗಿಸಿ ಒಳಹೊಕ್ಕು ಹಿಂದಿನ ಸಾಲಿನಲ್ಲಿ ನಿಂತಳು.

ಶಾಲು ಹೊದ್ದ ಇಬ್ಬರು ಪಂಡಿತರು ಮುಂದೆ ನಿಂತಿದ್ದರು. ಸರದಿಯೂ ಅವರದೇ ಮೊದಲು. ಸಿಂಹಾಸನದಲ್ಲಿದ್ದ ಅರಸರ ಪಕ್ಕ ನಿಂತ ಎಂಟು ವರ್ಷದ ಚೆಲುವಾಜಿ, ಉತ್ತರಗಳಿದ್ದ ಓಲೆಯನ್ನು ಎದೆಗವಚಿಕೊಂಡು ಕೇಳಿದಳು: "ಹಸಿದಾಗಲೂ ಉಣ್ಣಬಾರದ ಅನ್ನ ಯಾವುದು? ಉಂಡರೆ ಒಂದೇ ಹೊತ್ತು, ಉಣ್ಣದಿದ್ದರೆ ವರ್ಷವಿಡೀ ಊಟ."

"ದೇವರ ನೈವೇದ್ಯ" ಎಂದರು ದೊಡ್ಡ ಪಂಡಿತರು. ಚೆಲುವಾಜಿ ಅಲ್ಲವೆಂದು ತಲೆಯಾಡಿಸಿದಳು. ಭಟರು ಅವರನ್ನು ಪಕ್ಕಕ್ಕೆಳೆದರು.

"ಬಿತ್ತನೆ ಬೀಜ" ಎಂದ ಮರಿಸಿದ್ದ. "ನಮ್ಮ ಮಕ್ಕಳು ತಲೆಗೊಂದು ಕುಡಿಕೆ ರಾಗಿ ಮುಚ್ಚಿಟ್ಟವ್ರೆ. ಹೋದ್ವರ್ಷ ಹೊಟ್ಟೆಗಿಲ್ದಾಗ್ಲೂ ಮುಟ್ಟಲಿಲ್ಲ, ಬುದ್ಧಿ. ಈ ವರ್ಷ ಅದೇ ಬೆಳೆಯಾಗಿ ನಿಂತದೆ."

ಆ ಕುಡಿಕೆಗಳನ್ನು ಬೈಯುತ್ತಲೇ ತಿಗರಿ ತಿರುಗಿಸಿ ಮಾಡಿಕೊಟ್ಟವಳು ಪುಟ್ಟೀರಮ್ಮ. ಈಗ ಎದೆ ಒಂದಿಷ್ಟು ಉಬ್ಬಿತು.

ಚೆಲುವಾಜಿ ಹೌದೆಂದು ನಕ್ಕು ಎರಡನೆಯದನ್ನು ಕೇಳಿದಳು: "ಬೇಡವೆಂದು ಹಿತ್ತಲಾಚೆ ಎಸೆದು ಕೈ ತೊಳೆದುಕೊಂಡೆ. ಅದು ಊರೆಲ್ಲ ಸುತ್ತಿ ನನ್ನ ಕುಡಿಯುವ ಬಿಂದಿಗೆಗೇ ಬಂತು. ಏನದು?"

"ಮಾಡಿದ ಪಾಪ!" ಎಂದರು ಎರಡನೆಯ ಪಂಡಿತರು. ಸಭೆ ತಲೆದೂಗಿತು, ಚೆಲುವಾಜಿ ತೂಗಲಿಲ್ಲ. ಭಟರು ಅವರನ್ನೂ ಎಳೆದರು.

"ಕಸ ಕಣವ್ವ" ಎಂದ ಮರಿಸಿದ್ದ. "ಆಚೆ ಅನ್ನೋ ಜಾಗವೇ ಇಲ್ಲ. ನಮ್ಮ ಬಣ್ಣಗಾರರು ಹೊಳೆಗೆ ಬಿಟ್ಟಿದ್ದನ್ನ ಆ ದಡದ ಮಕ್ಕಳು ಕುಡೀತಾರೆ. ಅವರು ಬಿಟ್ಟಿದ್ದನ್ನ ಕೆಳಗಿನೂರಲ್ಲಿ ನಾವು ಕುಡೀತೀವಿ."

ಮೂರನೆಯದಕ್ಕೆ ಉಳಿದವನು ಅವನೊಬ್ಬನೇ. "ಹಕ್ಕಿಗೆ ಕಾಣದು, ಮೀನಿಗೆ ಕಾಣದು, ಮಳೆಗೂ ಕಾಣದು. ದೊಡ್ಡವರಿಗೆ ಮಾತ್ರ ಕಾಣುತ್ತದೆ. ಕಂಡಷ್ಟೂ ಕುರುಡಾಗುತ್ತಾರೆ. ಏನದು?"

ಮರಿಸಿದ್ದ ಹೆಗಲ ಗಂಟನ್ನು ಇಳಿಸಿ ಕೆಳಗಿಟ್ಟ. ಸೋತ ಎಂದು ಸಭೆ ಗುಸುಗುಟ್ಟಿತು. ಅವನಿಗೆ ಗೊತ್ತಿದೆಯೆಂದು ಪುಟ್ಟೀರಮ್ಮನಿಗೆ ಗೊತ್ತು. ಬಾಯಿ ಬಿಡಲು ಯಾಕೆ ಹೆದರುತ್ತಿದ್ದಾನೆಂದೂ ಗೊತ್ತು. ಅರಸರ ಒಬ್ಬನೇ ಮಗ, ಈ ಚೆಲುವಾಜಿಯ ತಂದೆ, ಕಾಳಗದಲ್ಲಿ ಸತ್ತದ್ದು ಅದಕ್ಕಾಗಿಯೇ. ಉತ್ತರ ತಪ್ಪಾದರೂ ತಲೆ ಹೋದೀತು, ಸರಿಯಾದರೂ ಹೋದೀತು.

ಮರಿಸಿದ್ದ ಗಂಟು ಬಿಚ್ಚಿ ಮರಳನ್ನು ಸಿಂಹಾಸನದ ಮುಂದೆ ಸುರಿದ. "ಇದ್ರಲ್ಲಿ ಎರಡೂ ದಡದ ಮರಳದೆ ಬುದ್ಧಿ. ನಿಮ್ಮದ್ಯಾವುದು, ಅವರದ್ಯಾವುದು, ಬೇರೆ ಮಾಡಿಕೊಡಿ."

ಮುದುಕ ಅರಸರು ಇಳಿದು ಬಂದು ಕೂತರು. ಒಂದು ಹಿಡಿ ಎತ್ತಿಕೊಂಡು ಬೆರಳ ಸಂದಿಯಿಂದ ಸುರಿಸಿದರು, ಮತ್ತೊಂದು ಹಿಡಿ ಎತ್ತಿಕೊಂಡರು. ಬೇರೆ ಮಾಡಲಾಗಲಿಲ್ಲ.

"ಉತ್ತರ, ಗಡಿ" ಎಂದ ಮರಿಸಿದ್ದ.

ಚೆಲುವಾಜಿ ಓಲೆ ಬಿಡಿಸಿ ತೋರಿಸಿದಳು. ಗಡಿ ಎಂದೇ ಇತ್ತು, ಅರಸರದೇ ಕೈಬರಹ.

"ಇದಕ್ಕೆ ಉತ್ತರ ಕಲಿಯಲು ನನ್ನ ಮಗನನ್ನೇ ಕೊಟ್ಟೆನಪ್ಪ" ಎಂದರು ಅರಸರು. "ಚಿಕ್ಕಂದಿನಲ್ಲಿ ಯಾವ ಗುರುವೂ ನನಗಿದನ್ನು ಹೇಳಿಕೊಡಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಕೇಳು, ಏನು ಬೇಕು?"

"ಎರಡೂ ದಡದ ಮಕ್ಕಳು ಒಂದೇ ಮಠದಲ್ಲಿ ಕೂರಬೇಕು. ನಮ್ಮ ನಾಡಿನ ಊರೂರಲ್ಲೂ ಅಂಥ ಮಠ ಆಗಬೇಕು. ಆಮೇಲೆ, ಶಾಲಿನ ಸ್ವಾಮಿಗಳ ತಲೆ ಉಳೀಬೇಕು. ಅವರೂ ನಾಳೆಯಿಂದ ಬಂದು ಮರಳ ಮುಂದೆ ಕೂತ್ಕಳ್ಳಲಿ."

ಅರಸರು ಒಪ್ಪಿದರು. ಅಂದೇ ಆಚೆ ದಡದ ಅರಮನೆಗೆ ಓಲೆ ಹೊರಟಿತು. ಪಂಡಿತರು ಶಾಲು ಮಡಚಿಟ್ಟು ಚಕ್ಕಳಮಕ್ಕಳ ಹಾಕುವುದನ್ನು ಅಲ್ಲೇ ಅಭ್ಯಾಸ ಮಾಡತೊಡಗಿದರು.

ಪುಟ್ಟೀರಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ನೆಟ್ಟಗೆ ಬಾಗಿಲಿಗೆ ಬಂದಳು. "ಆಗ ಕೇಳಿದ್ಯಲ್ಲಪ್ಪ, ತೇಪೆ ಪಂಚೆಯೋನು ಯಾರ ಮಗ ಅಂತ. ನನ್ನ ಮಗ. ಈ ಹೊಟ್ಟೇಲಿ ಹುಟ್ಟಿದೋನು" ಎಂದಳು, ಸಭೆಗೆಲ್ಲ ಕೇಳುವಂತೆ.

ಕಾವಲುಗಾರ ಈಗ ನಗಲಿಲ್ಲ. ಈಟಿ ಗೋಡೆಗೊರಗಿಸಿ ಮೆಲ್ಲಗೆ ಕೇಳಿದ. "ನಂಗೊಬ್ಳು ಮಗಳವ್ಳೆ ಕಣವ್ವ. ಸೇರಿಸ್ಕತ್ತಾರಾ?"

"ಒಂದು ಬೊಗಸೆ ಮರಳು ಕೊಟ್ಟು ಕಳಿಸು" ಎಂದಳು ಪುಟ್ಟೀರಮ್ಮ. "ನನ್ನ ಮಗನಿಗೆ ನಾನೇ ಹೇಳ್ತೀನಿ."