ಕೋಣನ ಎದೆಗೆ ಕಟ್ಟಿದ ಪಟ್ಟಿ

ದೂಮನೆಂಬ ಕೋಣ ಗದ್ದೆ ಉಳುವಾಗ ತಲೆಸುತ್ತಿ ಬಿದ್ದಿತು. ಪಶುವೈದ್ಯರು ಬಂದು, ಬಡಿತ ನೋಡುವ ಪಟ್ಟಿಯೊಂದನ್ನು ಅದರ ಎದೆಗೆ ಕಟ್ಟಿ ಹೋದರು.

ಮರುದಿನ ಬೆಳಿಗ್ಗೆ ಪಟ್ಟಿ ಕೀಚಲು ದನಿಯಲ್ಲಿ ಕೂಗಿತು: "ಕೋಣರಾಯರೇ, ಈಗ ನಿಮ್ಮ ಎದೆ ತಾಳ ತಪ್ಪಿತು!"

ದೂಮ ನಾಚಿ ಕಿವಿ ಅಲ್ಲಾಡಿಸಿತು. "ತಪ್ಪದೆ ಇರುತ್ತದೆಯೇ? ಎದುರಿಗೆ ಎಮ್ಮೆ ಚುಕ್ಕಿ ಹೋಗುತ್ತಿದ್ದಾಳೆ, ನಿನಗೆ ಕಾಣದೇನು? ಇದು ಪ್ರೀತಿ, ಮಾರಾಯ. ಇವತ್ತೇ ಹೋಗಿ ಮದುವೆಗೆ ಕೇಳುತ್ತೇನೆ."

"ಸ್ವಲ್ಪ ತಡೆಯಿರಿ," ಎಂದಿತು ಪಟ್ಟಿ. "ಮೊದಲು ಆ ಕಡೆ ತಿರುಗಿ ನಿಲ್ಲಿ."

ದೂಮ ತಿರುಗಿತು. ಆ ಕಡೆ ಇದ್ದದ್ದು ತಿಪ್ಪೆ. ಸ್ವಲ್ಪ ಹೊತ್ತಿಗೆ ಎದೆ ಒಮ್ಮೆ ತಡವರಿಸಿ, ಮತ್ತೆ ದಡಬಡ ಓಡಿತು.

"ಈಗಲೂ ತಪ್ಪಿತು. ತಿಪ್ಪೆಯ ಮೇಲೂ ಪ್ರೀತಿಯೇ?"

ದೂಮ ತಿಪ್ಪೆಯನ್ನು ಮೇಲಿಂದ ಕೆಳಗೆ ನೋಡಿತು. ತುದಿಯಲ್ಲೊಂದು ಕೊಳೆತ ಕುಂಬಳಕಾಯಿ ಕೂತಿತ್ತು. ಎಷ್ಟು ನೋಡಿದರೂ ಚೆಲುವು ಕಾಣಲಿಲ್ಲ. ಆಗ ಅದಕ್ಕೆ ನಿಜವಾಗಿ ಭಯವಾಯಿತು.

"ತಿಪ್ಪೆಯನ್ನಂತೂ ಕಟ್ಟಿಕೊಳ್ಳಲಾರೆ. ನಡೆ, ವೈದ್ಯರ ಬಳಿ ಹೋಗೋಣ."

ಪಟ್ಟಿ ಹೇಳಿದ್ದನ್ನೆಲ್ಲ ಕೇಳಿ ವೈದ್ಯರು ಮದ್ದು ಕೊಟ್ಟರು. ಕೆಲವು ವಾರಗಳಲ್ಲಿ ಎದೆ ಹದಕ್ಕೆ ಬಂತು. ದೂಮ ಕೆರೆಯ ದಂಡೆಗೆ ಹೋಗಿ, ಮೇಯುತ್ತಿದ್ದ ಚುಕ್ಕಿಯನ್ನು ಕಣ್ತುಂಬ ನೋಡಿ, ಮೆಲ್ಲಗೆ ಕೇಳಿತು: "ಈಗ ಹೇಗಿದೆ?"

"ಒಂದು ಬಡಿತವೂ ತಪ್ಪಿಲ್ಲ," ಎಂದಿತು ಪಟ್ಟಿ.

"ಆದರೂ ಚೆಂದವೇ ಕಾಣುತ್ತಾಳಲ್ಲ!"

"ಹಾಗಾದರೆ ಇದಕ್ಕೆ ಮದ್ದಿಲ್ಲ, ರಾಯರೇ. ಹೋಗಿ ಕೇಳಿಬಿಡಿ."